ಬಂಗಲೆ ಪೈಪಿನ ಮೊದಲ ಬಿಂದಿಗೆ

ನಮ್ಮ ಬೀದಿಗೆ ನೀರು ಬಿಡುತ್ತಿದ್ದ ಜವರಯ್ಯನ ಜೊತೆ ನಾನು ಮೂವತ್ತು ವರ್ಷ ಜಗಳ ಆಡಿದ್ದೇನೆ. ಅಷ್ಟು ವರ್ಷ ನನ್ನ ಗಂಡನ ಜೊತೆಗೂ ಆಡಲಿಲ್ಲ, ಪಾಪ, ಅವರು ಮದುವೆಯಾದ ಇಪ್ಪತ್ತು ವರ್ಷಕ್ಕೇ ಹೋಗಿಬಿಟ್ಟರು. ಜವರಯ್ಯನಿಗೆ ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಬರೆಯಲು ಕೂತಾಗಲೂ ಏಕವಚನವೇ ಬರುತ್ತಿದೆ, ಇರಲಿ.

ಹುಣಸೂರಿನ ಹಳೇ ಪೇಟೆಯ ಹಿಂದೆ ನಮ್ಮದೊಂದು ಚಿಕ್ಕ ಬೀದಿ. ಮೂಲೆಯಲ್ಲಿ ವಾಲ್ವು, ಅದಕ್ಕೆ ಅಂಟಿಕೊಂಡ ಹಾಗೆ ಜವರಯ್ಯನ ಮನೆ, ಅದರ ಪಕ್ಕದ್ದು ನನ್ನದು. ನಾನು ಸುನಂದಮ್ಮ, ಇದೇ ಬೀದಿಯ ಅಂಗನವಾಡಿಯಲ್ಲಿ ಟೀಚರಾಗಿದ್ದವಳು. ದಿನ ಬಿಟ್ಟು ದಿನ ಬೆಳಿಗ್ಗೆ ಐದೂವರೆಗೆ ನೀರು. ಜವರಯ್ಯ ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಹೆಗಲಿಗೆ ಹಾಕಿಕೊಂಡು ಬಂದು, ವಾಲ್ವಿನ ಗುಂಡಿಗೆ ಇಳಿಸಿ, ಎರಡು ಸುತ್ತು ತಿರುಗಿಸುತ್ತಿದ್ದ. ಆಯುಧಪೂಜೆಯ ದಿನ ಆ ಕೀಲಿಗೆ ಬಾಳೆಕಂದು ಕಟ್ಟಿ, ಮಿಕ್ಕ ಜನ ಕಾರಿಗೆ ಮಾಡುವ ಪೂಜೆಯನ್ನು ಅವನು ಅದಕ್ಕೆ ಮಾಡುತ್ತಿದ್ದ. ನೀರು ಮೊದಲು ಅವನ ಮನೆಗೆ, ಆಮೇಲೆ ನನಗೆ, ಆಮೇಲೆ ಊರಿಗೆ.

ನನ್ನ ನಲ್ಲಿಯಲ್ಲಿ ಮೊದಲು ಬರುತ್ತಿದ್ದದ್ದು ಕೆಮ್ಮಣ್ಣು ಕದಡಿದಂಥ ನೀರು. ಕಬ್ಬಿಣದ ಪೈಪು, ಒಳಗೆಲ್ಲ ತುಕ್ಕು. ಎರಡು ಬಕೆಟ್ ಹಿಡಿದು ಕನಕಾಂಬರದ ಗಿಡಕ್ಕೆ ಸುರಿದ ಮೇಲೆಯೇ ಬಿಂದಿಗೆ ಇಡುತ್ತಿದ್ದೆ. ಅದನ್ನು ನೋಡಿದರೆ ಜವರಯ್ಯನಿಗೆ ಮೈಯೆಲ್ಲ ಉರಿ.

"ಟೀಚರಮ್ಮ, ಕುಡಿಯೋ ನೀರ್ನ ಗಿಡುಕ್ ಉಯ್ದ್ಬುಡ್ತೀರಲ್ಲ, ನಿಮ್ಗೆ ದ್ಯಾವ್ರು ಒಳ್ಳೇದ್ ಮಾಡ್ತಾನಾ?"

"ನಿಮ್ಮನೇಲಿ ಗಾಜಿನ ಥರ ಬರುತ್ತೆ, ನಮ್ಮನೇಲಿ ರಕ್ತದ ಥರ. ನಮಗೂ ಬಂಗಲೆ ಪೈಪು ಹಾಕ್ಕೊಡಿ, ನಾನ್ಯಾಕೆ ಚೆಲ್ಲಲಿ?"

ಬಂಗಲೆ ಪೈಪು ಅಂದರೆ ಅವನ ಬಾಯಿ ಮುಚ್ಚುತ್ತಿತ್ತು. ಅದರ ಕಥೆ ಇಷ್ಟೇ. ತೊಂಬತ್ತರ ಆಸುಪಾಸಿನಲ್ಲಿ ಮರದ ವ್ಯಾಪಾರಿಯೊಬ್ಬರ ಹಳೇ ಬಂಗಲೆಯನ್ನು ಕೆಡವಿದರು. ನೀರಿನ ಕನೆಕ್ಷನ್ ಬಿಚ್ಚಲು ಹೋದ ಜವರಯ್ಯ ಸಂಜೆ ಸೈಕಲ್ಲಿನ ಹಿಂದೆ ಒಂದು ಸುರುಳಿ ಪೈಪು ಕಟ್ಟಿಕೊಂಡು ಬಂದ. ಬೂದು ಬಣ್ಣ, ಹೆಣಭಾರ, ಕೈಯಲ್ಲೇ ಬಗ್ಗುತ್ತಿತ್ತು. ಉಗುರಲ್ಲಿ ಗೀರಿದರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವನ ಹೆಂಡತಿ ಸಾಕಮ್ಮ ಆಗ ಏಳು ತಿಂಗಳ ಬಸುರಿ. ಬೀದಿ ನಲ್ಲಿಯಿಂದ ಅವಳು ನೀರು ಹೊರುವುದು ಅವನಿಗೆ ನೋಡಲಾಗುತ್ತಿರಲಿಲ್ಲ. ಒಂದು ಭಾನುವಾರ ತಾನೇ ನೆಲ ಅಗೆದು ಆ ಪೈಪನ್ನು ವಾಲ್ವಿನ ಪಕ್ಕದಿಂದ ಅಡುಗೆಮನೆಯವರೆಗೂ ಎಳೆದ. "ಅರಸ್ರ ಕಾಲುದ್ ಮಾಲು, ನೂರ್ ವರ್ಸ ಆದ್ರೂವೆ ತುಕ್ ಇಡಿಯಾಕಿಲ್ಲ," ಅಂತ ಬಂದವರಿಗೆಲ್ಲ ತೋರಿಸಿದ. ನನ್ನ ಮಕ್ಕಳೂ ಆಗ ಚಿಕ್ಕವು, ನಾನು ಎರಡು ಮಾರು ಕೇಳಿದೆ. "ನಮ್ಮನೆಗೇ ಸಾಲ್ದು ಕಣಮ್ಮೋ," ಅಂದುಬಿಟ್ಟ. ಗುಂಡಿ ಮುಚ್ಚಿದ ಮೇಲೆ ಮಿಕ್ಕ ತುಂಡು ಅವನ ಅಟ್ಟಕ್ಕೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಆ ಸಿಟ್ಟಿಗೆ ಮಗುವಿನ ನಾಮಕರಣಕ್ಕೂ ನಾನು ಹೋಗಲಿಲ್ಲ.

ಸಾಕಮ್ಮ ಮೊದಲ ಬಿಂದಿಗೆಯನ್ನು ಹಿಡಿಯುವುದನ್ನು ನೋಡಬೇಕಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಬಿಂದಿಗೆ, ಶುಕ್ರವಾರವಾದರೆ ನಲ್ಲಿಗೂ ಅರಿಶಿನ ಕುಂಕುಮ. ಗಂಡ ವಾಲ್ವು ತಿರುಗಿಸಿದ ಸದ್ದು ಕೇಳಿದೊಡನೆ ನಲ್ಲಿಯ ಕೆಳಗೆ ಬಿಂದಿಗೆ. ಒಂದು ಹನಿಯೂ ನೆಲಕ್ಕೆ ಬೀಳಬಾರದು. ಇನ್ನೊಬ್ಬರ ಕೊಡ ಮುಟ್ಟದ ನೀರು, ಮಡಿ ನೀರು. ಅದರಲ್ಲೇ ದೇವರ ತಂಬಿಗೆ ತುಂಬಬೇಕು, ಅದನ್ನೇ ಮನೆಯವರು ಕುಡಿಯಬೇಕು, ಮಗುವಿನ ರಾಗಿ ಸರಿಯನ್ನೂ ಅದರಲ್ಲೇ ಕಾಯಿಸಬೇಕು. ಎರಡು ದಿನ ಪೈಪಿನಲ್ಲಿ ಸುಮ್ಮನೆ ನಿಂತಿದ್ದ ನೀರು ಅದು. ತಿಳಿಯಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಹೇಳಲು ನನಗೂ ಬರುತ್ತಿತ್ತು, ಆದರೆ ನಾನು ಆ ಬಿಂದಿಗೆ ನೋಡಿ ಹೊಟ್ಟೆ ಉರಿದುಕೊಂಡೆನೇ ಹೊರತು ಬೇರೇನೂ ಯೋಚಿಸಲಿಲ್ಲ.

ಆಗ ಹೊಟ್ಟೆಯಲ್ಲಿದ್ದ ಮಗುವೇ ವಾಣಿಶ್ರೀ. ಮೂರು ವರ್ಷಕ್ಕೆ ನನ್ನ ಅಂಗನವಾಡಿಗೆ ಬಂದಳು. ಕಣ್ಣು ದೊಡ್ಡದು, ಮುಖ ಬಿಳಿಚು, ಆಗಾಗ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಹಾಡು ಹೇಳಿಕೊಟ್ಟರೆ ಚೆನ್ನಾಗಿ ಹೇಳುತ್ತಿದ್ದಳು, ಮರುದಿನ ಕೇಳಿದರೆ ಒಂದು ಸಾಲೂ ನೆನಪಿಲ್ಲ. ಹೊಟ್ಟೆ ಹುಳು ಅಂತ ಮಾತ್ರೆ ಕೊಟ್ಟೆ. ಒಂದು ದಿನ ನಲ್ಲಿಯ ಹತ್ತಿರ, ಜವರಯ್ಯನೂ ಇದ್ದಾಗ, ಸಾಕಮ್ಮನಿಗೆ ಹೇಳಿದೆ, "ನಿಮ್ಮ ಹುಡುಗಿ ಸ್ವಲ್ಪ ಮಂಕು ಕಣ್ರೀ." ಪೈಪಿನ ಸಿಟ್ಟು ಆ ಮಾತಿನಲ್ಲಿ ಇತ್ತೇ? ಇತ್ತು. ಸುಳ್ಳು ಹೇಳುವುದಿಲ್ಲ.

ಆ ಮಾತು ಹುಡುಗಿಗೆ ಹೆಸರಾಗಿ ಅಂಟಿಕೊಂಡಿತು. ಜವರಯ್ಯ ಸಿಟ್ಟು ಬಂದಾಗ "ಮಂಕು ಮುಂಡೇದೆ" ಅನ್ನುತ್ತಿದ್ದ, ಪ್ರೀತಿ ಬಂದಾಗ "ನಮ್ಮ ಮಂಕು" ಅನ್ನುತ್ತಿದ್ದ. ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ಮೂರು ಸಲ ಫೇಲು. ಮೂರನೇ ಸಲ ಬೆಲ್ಟಿನಲ್ಲಿ ಹೊಡೆದ, ನಾನೇ ಹೋಗಿ ಬಿಡಿಸಿದೆ. "ಉಟ್ಟೇ ಅಂಗೆ ಕಣ್ರೀ ಇದು, ಯಾರ್ ಏನ್ ಮಾಡಕಾಯ್ತದೆ?" ಅಂತ ಬಂದ ನೆಂಟರಿಗೆಲ್ಲ ಹೇಳುತ್ತಿದ್ದ. ನೆಂಟರು ನಕ್ಕರೆ ಅವಳೂ ನಗುತ್ತಿದ್ದಳು. ಆಮೇಲೆ ಗಾವಡಗೆರೆಯ ಮಹೇಂದ್ರ ಅನ್ನುವ ಲಾರಿ ಡ್ರೈವರಿಗೆ ಕೊಟ್ಟು ಮದುವೆಯಾಯಿತು. ಅವನು ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಮೇಲೆ ಇರುವವನಾದ್ದರಿಂದ ಅವಳು ಅಪ್ಪನ ಮನೆಯಲ್ಲೇ ಉಳಿದಳು. ಗಾರ್ಮೆಂಟ್ಸ್ ವ್ಯಾನು ಹತ್ತಿ ಕೆಲಸಕ್ಕೆ ಹೋಗುತ್ತಾಳೆ. ಹೊಲಿದ ಬಟ್ಟೆಯ ದಾರ ಕತ್ತರಿಸುವುದು ಅವಳ ಕೆಲಸ. ಬಟ್ಟೆ ಅಳೆಯುವ ಮೇಲಿನ ಕೆಲಸಕ್ಕೆ ಅಂತ ಅಳತೆ ಟೇಪು ಕೊಡಲು ಬಂದರೆ, ತನಗೆ ತಲೆ ಓಡುವುದಿಲ್ಲ ಅಂತ ತಾನೇ ಬೇಡ ಅಂದಳಂತೆ.

ಅವಳಿಗೆ ಒಂದೇ ಮಗಳು, ಚಿನ್ನು. ಈಗ ಐದು ವರ್ಷ. ಆ ಮಗುವೂ ಬಿಳಿಚು, ಅದೂ ಹೊಟ್ಟೆ ಹಿಡಿದುಕೊಳ್ಳುವುದು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಊಟ ಸೇರದೆ ಒಣಗಿಹೋದಾಗ ಮೈಸೂರಿನ ಒಂದು ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಗ್ಲಿಷ್ ಚೀಟಿ ಓದುವವರು ಬೇಕು ಅಂತ ನನ್ನನ್ನೂ ಕರೆದರು. ಎರಡನೇ ಸಲ ಹೋದಾಗ ಡಾಕ್ಟರಮ್ಮ ರಕ್ತದ ರಿಪೋರ್ಟು ನೋಡಿ, ಮಗುವಿನ ಮೈಯಲ್ಲಿ ಸೀಸ ಸೇರಿದೆ ಅಂದರು. ಅದು ಹೊಟ್ಟೆಗೂ ರಕ್ತಕ್ಕೂ ಕೆಟ್ಟದ್ದು, ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಮಿದುಳಿಗೆ ಕೆಟ್ಟದ್ದು, ಬುದ್ಧಿ ಬೆಳೆಯಲು ಬಿಡುವುದಿಲ್ಲ ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಎಲ್ಲಿಂದ ಬರುತ್ತಿದೆಯೋ ಅದನ್ನು ನಿಲ್ಲಿಸದೆ ಔಷಧಿ ಕೊಟ್ಟು ಉಪಯೋಗವಿಲ್ಲ. ಮನೆಯ ಹತ್ತಿರ ಬ್ಯಾಟರಿ ಅಂಗಡಿ ಇದೆಯೇ, ಗೋಡೆಯ ಬಣ್ಣ ಉದುರುತ್ತದೆಯೇ, ಪಾತ್ರೆಗೆ ಕಲಾಯಿ ಹಾಕಿಸಿದ್ದೀರಾ, ಕಣ್ಣಿಗೆ ಕಪ್ಪು ಹಚ್ಚುತ್ತೀರಾ, ಕುಂಕುಮ ಯಾವುದು ಅಂತ ಒಂದೊಂದೇ ಕೇಳಿದರು. ಕೊನೆಗೆ ನೀರು ಅಂದರು.

ವಾಣಿಶ್ರೀ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಊರಿಗೆಲ್ಲ ಅದೇ ನೀರು ಡಾಕ್ಟ್ರೇ. ಪಕ್ಕದ ಮನೇಲಿ ನಾನೂ ಅದನ್ನೇ ಕುಡಿಯೋದು, ಕಲ್ಲುಗುಂಡಿನ ಹಾಗಿದೀನಿ ನೋಡಿ." ಅವರು ಚೀಟಿಯಲ್ಲಿ ನೀರು ಅಂತ ಬರೆದಿದ್ದರ ಮೇಲೆ ಗೆರೆ ಎಳೆದರು.

ಮನೆಗೆ ಬಂದಾಗ ಜವರಯ್ಯ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ. ರಿಟೈರಾಗಿ ಆರು ವರ್ಷವಾದರೂ ಅವನು ಕೂರುವುದು ವಾಲ್ವು ಕಾಣುವ ಜಾಗದಲ್ಲೇ. ಕೆಲಸದಲ್ಲಿದ್ದಾಗ ಸೀಸ ಕರಗಿಸಿ ಪೈಪಿನ ಜಾಯಿಂಟಿಗೆ ಹುಯ್ಯುವುದರಲ್ಲಿ ಎತ್ತಿದ ಕೈ. ಆ ಕೈಬೆರಳುಗಳು ಈಗ ಮರಗಟ್ಟಿಹೋಗಿವೆ, ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ.

"ಸೀಸ ಅಂದ್ರಾ?" ಅಂದ.

"ಹೂಂ, ಸೀಸ."

ಲೋಟ ವಾಲಿ ಕಾಫಿ ಅವನ ಬೆರಳುಗಳ ಮೇಲಿಂದ ಪಂಚೆಗೆ ಇಳಿಯಿತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ವಯಸ್ಸಾಯಿತು, ಅರ್ಥವಾಗಲಿಲ್ಲ ಅಂದುಕೊಂಡು ನಾನು ನನ್ನ ಮನೆಗೆ ಹೋದೆ.

ವಾಣಿಶ್ರೀ ಆ ವಾರ ಮನೆಯನ್ನೇ ಖಾಲಿ ಮಾಡಿದಳು. ಕಣ್ಕಪ್ಪಿನ ಡಬ್ಬಿ, ಕುಂಕುಮ, ಬಣ್ಣದ ಗೊಂಬೆಗಳು, ಕಲಾಯಿ ಹಾಕಿಸಿದ ಪಾತ್ರೆಗಳು ಎಲ್ಲ ಬೀದಿಗೆ ಬಂದವು. ಕಣ್ಕಪ್ಪಿನ ಡಬ್ಬಿ ಮಾತ್ರ ನನ್ನ ಮುಂದೆ ಹಿಡಿದಳು. "ದಿನಾ ನಾನೇ ಅಚ್ತಿದ್ದೆ ಟೀಚರಮ್ಮ. ದೃಷ್ಟಿ ಆಯ್ತದೆ ಅಂತ ಅಣೆಗೂ ಇಡ್ತಿದ್ದೆ. ನಾನೇ ಕಣ್ರೀ ಮಾಡಿದ್ದು." ಅವಳು ಅಳಲಿಲ್ಲ. ಬಾಗಿಲಿಗೆ ಬಂದ ಸಾಕಮ್ಮ, "ಅದುಕ್ ಬುದ್ಧಿ ಎಲ್ಲದೆ, ಕಂಡಿದ್ದೆಲ್ಲ ಬಳೀತದೆ ಮಗೀಗೆ," ಅಂದಳು. ಜವರಯ್ಯ ಜಗಲಿಯ ಮೇಲೆ ಕೂತು ಎರಡೂ ಮಾತನ್ನು ಕೇಳಿಸಿಕೊಂಡ.

ಅದಾದ ಎರಡು ದಿನಕ್ಕೆ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಗಲಾಟೆ. ಸಾಕಮ್ಮ ಹಿಡಿದಿಟ್ಟ ಮೊದಲ ಬಿಂದಿಗೆಯನ್ನು ಜವರಯ್ಯ ಎತ್ತಿ ಚರಂಡಿಗೆ ಸುರಿದಿದ್ದ. "ದ್ಯಾವ್ರ ನೀರ್ ಕಣಯ್ಯೋ, ನಿಂಗೇನ್ ಬಂದದೆ ಕೇಡು?" ಅಂತ ಅವಳು ಬಾಯಿ ಬಡಿದುಕೊಳ್ಳುತ್ತಿದ್ದಳು. ಅವನು ಉತ್ತರ ಕೊಡದೆ ಎರಡು ಪ್ಲಾಸ್ಟಿಕ್ ಕ್ಯಾನು ಹಿಡಿದು ಹೊರಟ. ಶುದ್ಧ ನೀರಿನ ಘಟಕಕ್ಕೆ ಕಾಸು ಹಾಕಿ ನೀರು ತರುವವರನ್ನು ಕಂಡರೆ ಕ್ಯಾಕರಿಸಿ ಉಗಿಯುತ್ತಿದ್ದವನು ಇವನೇ. ಅಂದಿನಿಂದ ದಿನಾ ಅದೇ ಕೆಲಸ. ಚಿನ್ನುವಿಗೆ ಬೇರೆ ನೀರು ಕೊಡಕೂಡದು ಅಂತ ಕಟ್ಟಪ್ಪಣೆ ಮಾಡಿದ. ಏನ್ರೀ ಜವರಯ್ಯೋರೆ, ಹೊಳೆ ನೀರು ಕಹಿಯಾಯಿತಾ ಅಂತ ನಾನು ಕಾಲೆಳೆದೆ. ಮೂವತ್ತು ವರ್ಷ ನನ್ನ ಜೊತೆ ಜಗಳ ಆಡಿದವನು ಕ್ಯಾನು ಎತ್ತಿಕೊಂಡು ಒಳಗೆ ಹೋದ. ಆಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಸೀಸ ಇಳಿದಿತ್ತು. ನಾನು ಖುಷಿಯಿಂದ ಸ್ವೀಟು ತಂದೆ. ವಾಣಿಶ್ರೀ ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು, ತಿನ್ನಲಿಲ್ಲ. "ಕಪ್ಪು ಬುಟ್ಮ್ಯಾಲೆ ಇಳೀತು ಅಂದ್ರೆ ನಂದೇ ತಪ್ಪು ಅನ್ನೋದು ಖಾತ್ರಿ ಆಯ್ತಲ್ಲ," ಅಂದಳು. ಅಂದಿನಿಂದ ಮಗುವಿಗೆ ಊಟ ಕಲಸುವುದನ್ನೂ ಬಿಟ್ಟಳು. ಸ್ನಾನ ಮಾಡಿಸುವುದು, ತಲೆ ಬಾಚುವುದು ಎಲ್ಲ ಅಜ್ಜಿಯ ಪಾಲಿಗೆ ಬಂತು. ಚಿನ್ನು ಬಂದು ಸೆರಗು ಎಳೆದರೆ, "ನಂತಾವ್ ಬ್ಯಾಡ ಮಗ, ನಿಮ್ಮಜ್ಜಿತಾವ್ ಓಗು," ಅನ್ನುತ್ತಿದ್ದಳು. ಅದನ್ನು ನೋಡಿಕೊಂಡೂ ಜವರಯ್ಯ ಜಗಲಿಯ ಮೇಲೆ ಕಂಬದ ಹಾಗೆ ಕೂತಿರುತ್ತಿದ್ದ. ಎಂಥ ಕಲ್ಲೆದೆಯ ಮುದುಕ ಅಂತ ಬೈದುಕೊಂಡೆ.

ಈ ಬೇಸಿಗೆಯಲ್ಲಿ ಬೀದಿ ಅಗೆಯುವವರು ಬಂದರು. ಹಳೇ ಲೈನಿನ ಜಾಯಿಂಟುಗಳಲ್ಲೆಲ್ಲ ಸೀಸವಿದೆ, ಕುಡಿಯುವ ನೀರಿಗೆ ಇನ್ನು ಅದು ಬೇಡ, ಇಡೀ ಪೇಟೆಗೆ ಹೊಸ ಕಪ್ಪು ಪ್ಲಾಸ್ಟಿಕ್ ಪೈಪು ಬರುತ್ತದೆ ಅಂತ ಕಿರಣ್‌ಕುಮಾರ್ ಅನ್ನುವ ಎಂಜಿನಿಯರ್ ಹೇಳಿದ. ಚಿಕ್ಕ ವಯಸ್ಸು, ಮರ್ಯಾದಸ್ಥ. ಹಳೇ ಪೈಪು ಎಲ್ಲೆಲ್ಲಿ ಹೋಗಿದೆ ಅನ್ನುವ ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ಅದು ಇದ್ದದ್ದು ಜವರಯ್ಯನ ತಲೆಯಲ್ಲಿ. ಎಂಜಿನಿಯರ್ ಮನೆಗೇ ಬಂದು ಅವನನ್ನು ಕರೆದ. ಜವರಯ್ಯ ಹಳೇ ಖಾಕಿ ಅಂಗಿ ಹಾಕಿಕೊಂಡು, ಡಬ್ಬಿಯಲ್ಲಿ ಸುಣ್ಣದ ಪುಡಿ ಹಿಡಿದು ಅವನ ಜೊತೆ ಹೊರಟ. ನಾಲ್ಕು ದಿನ ಪೇಟೆಯ ಬೀದಿಗಳಲ್ಲೆಲ್ಲ ಸುಣ್ಣದ ಗೆರೆ ಎಳೆದ. ಇಲ್ಲಿ ಎರಡಡಿ, ಅಲ್ಲಿ ಮೂರೂವರೆ, ಈ ಮೋರಿಯ ಕೆಳಗೆ ಬಾಗಿದೆ ಅಂತ ಅವನು ತೋರಿಸಿದ ಕಡೆ ಅಗೆದರೆ ಪೈಪು ಅಲ್ಲೇ ಇರುತ್ತಿತ್ತು.

ಐದನೇ ದಿನ, ಭಾನುವಾರ, ನಮ್ಮ ಬೀದಿ. ನಾನು ಬಾಗಿಲಲ್ಲಿ ನಿಂತಿದ್ದೆ. ಗೆರೆ ಬೀದಿಯ ಆ ತುದಿಯಿಂದ ನನ್ನ ಮನೆಗೆ ಬಂತು, ಅಲ್ಲಿಂದ ಅವನ ಮನೆಯ ಮುಂದೆ ಬಂದು ನಿಂತಿತು.

"ನಿಮ್ಮ ಮನೆ ಕನೆಕ್ಷನ್ ಎಲ್ಲಿಂದ ಹೋಗಿದೆ ಯಜಮಾನ್ರೇ?" ಅಂತ ಕಿರಣ್‌ಕುಮಾರ್ ಕೇಳಿದ.

ಜವರಯ್ಯ ಡಬ್ಬಿ ಹಿಡಿದು ನಿಂತಿದ್ದ.

"ಇರಲಿ ಬಿಡಿ, ಹೊಸದು ಆ ಕಡೆ ಗೋಡೆಯಿಂದ ಕೊಡ್ತೀವಿ. ಹಳೇದನ್ನ ಯಾರೂ ತೆಗೆಯೋದಿಲ್ಲ. ಬಾಯಿ ಮುಚ್ಚಿ ಮಣ್ಣಲ್ಲೇ ಬಿಡೋದು," ಅಂತ ಹೇಳಿ ಎಂಜಿನಿಯರ್ ಮುಂದಕ್ಕೆ ಹೆಜ್ಜೆ ಹಾಕಿದ.

ಅಷ್ಟಕ್ಕೆ ಮುಗಿಯಬಹುದಿತ್ತು. ಆ ಪೈಪು ಮಣ್ಣಲ್ಲೇ ಇದ್ದಿದ್ದರೆ ಜವರಯ್ಯನ ಹೊರತು ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ವಾಣಿಶ್ರೀ ಸಾಯುವವರೆಗೂ ಕಣ್ಕಪ್ಪಿನ ಡಬ್ಬಿಯನ್ನು ನೆನೆದುಕೊಂಡು ಇರುತ್ತಿದ್ದಳು. ಅವಳು ಆಗ ಬಾಗಿಲ ಹತ್ತಿರ ಒಗೆದ ಬಟ್ಟೆ ಹಿಂಡುತ್ತಿದ್ದಳು. ಚಿನ್ನು ಅವಳಿಂದ ಎರಡು ಮಾರು ದೂರದಲ್ಲಿ ನಿಂತು ಅಮ್ಮನನ್ನೇ ನೋಡುತ್ತಿತ್ತು. ಜವರಯ್ಯ ಆ ಇಬ್ಬರ ನಡುವಿನ ಜಾಗವನ್ನು ಸ್ವಲ್ಪ ಹೊತ್ತು ನೋಡಿದ.

"ಆರೆ ಕೊಡಿ ಇಲ್ಲಿ," ಅಂತ ಕೂಲಿಯವನ ಕೈಯಿಂದ ಹಾರೆ ತೆಗೆದುಕೊಂಡ. ಬೇಡ ಯಜಮಾನ್ರೇ ಅಂತ ಎಂಜಿನಿಯರ್ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಒಂದು ಗಂಟೆಯೇ ಹಿಡಿಯಿತೇನೋ. ಯಾರನ್ನೂ ಹತ್ತಿರ ಬಿಡಲಿಲ್ಲ. ಅಂಗೈ ಕಿತ್ತು ಹಾರೆಗೆ ರಕ್ತ ಮೆತ್ತಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಒಂದು ಮಾರುದ್ದದ ತುಂಡನ್ನು ಬಗ್ಗಿಸಿ ಕಿತ್ತು ತಂದು ವಾಣಿಶ್ರೀಯ ಕಾಲ ಹತ್ತಿರ ಹಾಕಿದ. ಮಣ್ಣು ಒರೆಸಿ ಉಗುರಲ್ಲಿ ಗೀರಿದ. ಬೆಳ್ಳಿಯ ಹಾಗೆ ಹೊಳೆಯಿತು.

"ಸೀಸುದ್ ಪೈಪು ಕಣವ್ವ ಇದು," ಅಂದ. "ನಾನೇ ತಂದು ನಾನೇ ಆಕಿದ್ದು. ಆಸ್ಪತ್ರೆಯಿಂದ ಬಂದ್ ದಿನ್ವೇ ನಂಗೊತ್ತಾಯ್ತು. ಯೋಳಕ್ಕೆ ಬಾಯ್ ಬರ್ನಿಲ್ಲ. ನಿನ್ ಕಪ್ಪೂ ಅಲ್ಲ, ಕುಂಕ್ಮನೂ ಅಲ್ಲ. ನೀನೇನೂ ಮಾಡ್ನಿಲ್ಲ ಮಗ."

ಸಾಕಮ್ಮ ಒಳಗಿನಿಂದ ಬಂದವಳು ಹೊಸಿಲ ಮೇಲೆ ಕೂತುಬಿಟ್ಟಳು. ನನಗೆ ಬಂಗಲೆ ಪೈಪು ಅಂತಷ್ಟೇ ಗೊತ್ತಿದ್ದ ವಸ್ತು ಅಲ್ಲಿ ಬಿದ್ದಿತ್ತು. ಎರಡು ಮಾರು ಕೊಡಲಿಲ್ಲ ಅಂತ ಮೂವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನಲ್ಲ, ಆ ಜಿಪುಣತನದಿಂದಲೇ ನನ್ನ ಮಕ್ಕಳು ಉಳಿದುಕೊಂಡಿದ್ದವು. ನನ್ನ ಕೆಂಪು ನೀರು, ನಾನು ಗಿಡಕ್ಕೆ ಸುರಿದ ಬಕೆಟ್ಟು, ಡಾಕ್ಟರ ಮುಂದೆ ಕಲ್ಲುಗುಂಡು ಅಂತ ಮೆರೆದದ್ದು ಎಲ್ಲ ನೆನಪಾಯಿತು. ಅಳು ಬರಬಹುದು ಅಂತ ಕಾದೆ. ಬರಲಿಲ್ಲ.

ಚಿನ್ನು ಬಂದು ಅಮ್ಮನ ಸೆರಗು ಹಿಡಿಯಿತು. ವಾಣಿಶ್ರೀ ಅದನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ಎಷ್ಟೋ ತಿಂಗಳ ಮೇಲೆ ಮಗು ಆ ಸೊಂಟ ಏರಿದ್ದು. ಜವರಯ್ಯ ತಲೆ ತಗ್ಗಿಸಿ, ಬೈಗುಳಕ್ಕೆ ಕಾಯುತ್ತಿದ್ದ. ಅವಳು ಬೈಯಲಿಲ್ಲ. ಪೈಪನ್ನೇ ನೋಡುತ್ತಿದ್ದಳು.

"ಯಾವಾಗ ಆಕಿದ್ದು ಇದ್ನ?" ಅಂತ ಕೇಳಿದಳು.

"ನೀನು ನಿಮ್ಮವ್ವನ್ ಒಟ್ಟೇಲಿದ್ದೆ. ಏಳ್ ತಿಂಗ್ಳು."

ಅವಳು ಯೋಚಿಸಿದಳು. ಲೆಕ್ಕ ಮಾಡುವಾಗ ಮೊದಲಿನಿಂದಲೂ ಅವಳ ತುಟಿ ಅಲುಗುತ್ತದೆ, ಬೆರಳು ಮಡಚಿಕೊಳ್ಳುತ್ತವೆ. ನಾವೆಲ್ಲ ಅದನ್ನು ನೋಡಿ ನಕ್ಕವರೇ. ಅವತ್ತು ಯಾರೂ ನಗಲಿಲ್ಲ. ಎಂಜಿನಿಯರ್ ಕೂಡ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಬಹಳ ಹೊತ್ತಾದ ಮೇಲೆ ಅವಳು ತಲೆ ಎತ್ತಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವವರ ಹಾಗೆ ಕೇಳಿದಳು.

"ಅಂಗಾರೆ ಅಪ್ಪ, ನಾನು ಉಟ್ಟಾಗ ಮಂಕಾಗಿರ್ನಿಲ್ವಾ?"

ಜವರಯ್ಯ ಬಗ್ಗಿ ಪೈಪಿನ ತುಂಡನ್ನು ಅವಳ ಕಾಲ ಹತ್ತಿರದಿಂದ ಎತ್ತಿಕೊಂಡ. ಅವನ ಕೈಯಿಂದ ರಕ್ತ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಅವಳು ಸ್ವಲ್ಪ ಕಾದಳು, ಆಮೇಲೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನನ್ನ ಕಡೆ ತಿರುಗಿದಳು.

"ಟೀಚರಮ್ಮ, ನೀವಾದ್ರೂ ಯೋಳಿ."

ಮಂಕು ಅನ್ನುವ ಆ ಹೆಸರನ್ನು ಮೊದಲು ಇಟ್ಟವಳು ನಾನು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.